ಆಂಟಿಬಯಾಟಿಕ್ ಜತೆಗೊಂದು ಕಾವಲು ಮಾತ್ರೆ: ಎಲ್ಲಿಂದ ಬಂತು ಈ ರೂಢಿ?

ಶ್ರೀನಿವಾಸಪುರದ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ದೊಡ್ಡಮ್ಮನಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಹೋದ ಮಾವಿನ ಕಾಲದಲ್ಲಿ ಕೆಮ್ಮು ಹತ್ತಿತೆಂದು ಮೆಡಿಕಲ್ ಸ್ಟೋರಿನಿಂದ ಆಂಟಿಬಯಾಟಿಕ್ ತರಿಸಿಕೊಂಡು ನುಂಗಿದರು. ಐದನೇ ದಿನಕ್ಕೆ ನಾಲಿಗೆಯ ಮೇಲೆ, ಕೆನ್ನೆಯ ಒಳಗೆ ಮೊಸರಿನ ಕೆನೆಯಂಥ ಬಿಳಿ ಪದರ. ಮುದ್ದೆಯನ್ನು ಸಾರಿಗದ್ದಿ ಬಾಯಿಗಿಟ್ಟರೆ ಕಣ್ಣಲ್ಲಿ ನೀರು. "ಮಾತ್ರೆ ಉಷ್ಣ ಆಯ್ತು ಕಣಪ್ಪಾ" ಎಂದರು. ಆಂಟಿಬಯಾಟಿಕ್ ಮುಗಿಯುವ ಹೊತ್ತಿಗೆ ತುರಿಕೆ, ಬಿಳಿ ಸೆರಗು ಕಾಣಿಸಿಕೊಂಡ ಹೆಂಗಸರೂ ನಮ್ಮ ಕಡೆ ಇದೇ ಮಾತು ಹೇಳಿ ಸುಮ್ಮನಾಗುತ್ತಾರೆ.

ಅದು ಉಷ್ಣವಲ್ಲ, ಕ್ಯಾಂಡಿಡಾ ಎಂಬ ಯೀಸ್ಟ್. ಬಾಯಿ, ಕರುಳು, ಯೋನಿಯಲ್ಲಿ ಎಷ್ಟೋ ಜನರಿಗೆ ಅದು ತೊಂದರೆ ಕೊಡದೆ ಇದ್ದೇ ಇರುತ್ತದೆ. ಸುತ್ತಲಿನ ಬ್ಯಾಕ್ಟೀರಿಯಾಗಳು ಜಾಗವನ್ನೂ ಆಹಾರವನ್ನೂ ಹಿಡಿದುಕೊಂಡು ಅದನ್ನು ಹದ್ದುಬಸ್ತಿನಲ್ಲಿಟ್ಟಿರುತ್ತವೆ. ಹಲವು ಬಗೆಯ ಬ್ಯಾಕ್ಟೀರಿಯಾಗಳನ್ನು ಒಟ್ಟಿಗೇ ಕೊಲ್ಲುವ ಔಷಧ ಆ ನೆರೆಹೊರೆಯನ್ನು ಬರಿದು ಮಾಡುತ್ತದೆ. ಯೀಸ್ಟ್ ಶಿಲೀಂಧ್ರದ ಜಾತಿಯದಾದ್ದರಿಂದ ಅದಕ್ಕೆ ಆ ಔಷಧ ತಟ್ಟುವುದೇ ಇಲ್ಲ. ರಾಗಿ ಹಾಕದೆ ಬಿಟ್ಟ ಹೊಲವನ್ನು ಪಾರ್ಥೇನಿಯಂ ಹಿಡಿಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1839ರಲ್ಲೇ ಜರ್ಮನಿಯ ಲ್ಯಾಂಗೆನ್‌ಬೆಕ್ ಟೈಫಾಯ್ಡ್ ರೋಗಿಯೊಬ್ಬರ ಬಾಯಲ್ಲಿ ಈ ಶಿಲೀಂಧ್ರವನ್ನು ಗುರುತಿಸಿದ್ದರು. ಆಗ ಅದು ಎಳೆಗೂಸುಗಳ, ಸೊರಗಿದವರ ಕಾಯಿಲೆ. 1948ರಲ್ಲಿ ಹಲವು ಬಗೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಆರಿಯೋಮೈಸಿನ್ ಎಂಬ ಆಂಟಿಬಯಾಟಿಕ್ ಬಂದ ಮೇಲೆ ಕಥೆ ಬದಲಾಯಿತು. ಅದನ್ನು ಕಂಡುಹಿಡಿದವರು ಬೆಂಜಮಿನ್ ಡಗ್ಗರ್. ಡಗ್ಗರ್ ದುಡಿಯುತ್ತಿದ್ದ ಸಂಶೋಧನಾಲಯದ ಮುಖ್ಯಸ್ಥರು ಮಾತ್ರ ನಮ್ಮ ನೆರೆಯ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಜೀವ ಉಳಿಸಿದ ಈ ಬಗೆಯ ಔಷಧಗಳ ಬೆನ್ನಿಗೇ ಬಾಯಿಯ, ಯೋನಿಯ ಯೀಸ್ಟ್ ಸೋಂಕಿನ ವರದಿಗಳೂ ಬಂದವು.

ಈ ಯೀಸ್ಟಿಗೆ ಮದ್ದು ಸಿಕ್ಕಿದ್ದು ಇಬ್ಬರು ವಿಜ್ಞಾನಿ ಹೆಂಗಸರ ದುಡಿಮೆಯಿಂದ. ಎಲಿಜಬೆತ್ ಹೇಜನ್ ನ್ಯೂಯಾರ್ಕ್ ನಗರದಲ್ಲಿ, ರೇಚಲ್ ಬ್ರೌನ್ ಆಲ್ಬನಿಯಲ್ಲಿ. ಮಣ್ಣಿನ ಸೂಕ್ಷ್ಮಜೀವಿಗಳನ್ನು ಬೆಳೆಸಿ ಗಾಜಿನ ಜಾಡಿಗಳಲ್ಲಿ ಅಂಚೆ ಮೂಲಕ ಒಬ್ಬರಿಗೊಬ್ಬರು ಕಳಿಸುತ್ತಿದ್ದರು. ವರ್ಜೀನಿಯಾದಲ್ಲಿ ಹೇಜನ್‌ರ ಸ್ನೇಹಿತರ ಹೊಲದ ಮಣ್ಣು ಕೊನೆಗೂ ಕೈಹಿಡಿಯಿತು. 1950ರಲ್ಲಿ ಲೋಕಕ್ಕೆ ತಿಳಿಸಿದ ಆ ಔಷಧಕ್ಕೆ ತಮ್ಮ ರಾಜ್ಯವಾದ 'ನ್ಯೂಯಾರ್ಕ್ ಸ್ಟೇಟ್' ಹೆಸರಿನಿಂದ ನಿಸ್ಟಾಟಿನ್ ಎಂದು ಹೆಸರಿಟ್ಟರು. ಅದರಿಂದ ಬಂದ ಸುಮಾರು 1.3 ಕೋಟಿ ಡಾಲರ್ ರಾಯಧನವನ್ನು ಸಂಶೋಧನೆಗೇ ಬಿಟ್ಟುಕೊಟ್ಟರು. ಓದಿದಾಗಲೆಲ್ಲ ಕೈ ಮುಗಿಯಬೇಕೆನಿಸುತ್ತದೆ.

ಯೀಸ್ಟ್ ಬಾರದಂತೆ ಕಾವಲಿಗೆಂದು ಕಂಪನಿಗಳು ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ಜತೆ ನಿಸ್ಟಾಟಿನ್ ಸೇರಿಸಿ ಒಂದೇ ಮಾತ್ರೆ ಮಾಡಿದವು. ಎಲ್ಲರಿಗೂ ಮುಂಚಿತವಾಗಿ ಕೊಡುವುದರಿಂದ ಲಾಭವಿದೆಯೆಂಬುದಕ್ಕೆ ಗಟ್ಟಿ ಪುರಾವೆ ಇರಲಿಲ್ಲ. ಅಮೆರಿಕದಲ್ಲಿ ಇಂಥ ಜೋಡಿಗಳನ್ನು ಮಾರುಕಟ್ಟೆಯಿಂದ ತೆಗೆಸಿದರು. ಈಗ ನಮ್ಮಲ್ಲಿ ಆಂಟಿಬಯಾಟಿಕ್ ಜತೆ ಲ್ಯಾಕ್ಟೋಬ್ಯಾಸಿಲಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾ (ಪ್ರೋಬಯಾಟಿಕ್) ಬರುತ್ತಿದೆ. 2004ರಲ್ಲಿ ಪ್ರಕಟವಾದ ಮೆಲ್ಬರ್ನ್ ಅಧ್ಯಯನದಲ್ಲಿ 235 ಹೆಂಗಸರ ಪೈಕಿ 55 ಮಂದಿಗೆ ಆಂಟಿಬಯಾಟಿಕ್ ನಂತರ ಯೋನಿಯ ಯೀಸ್ಟ್ ಸೋಂಕು ಬಂತು; ಲ್ಯಾಕ್ಟೋಬ್ಯಾಸಿಲಸ್ ಅದನ್ನು ತಡೆಯಲಿಲ್ಲ. ಭೇದಿ ತಡೆಯುವಲ್ಲಿ ಪ್ರೋಬಯಾಟಿಕ್‌ಗೆ ಒಂದಿಷ್ಟು ಆಧಾರವಿದೆ, ಯೀಸ್ಟ್ ವಿಚಾರ ಬೇರೆ. ಮಜ್ಜಿಗೆ ಕುಡಿಯಿರಿ, ಒಳ್ಳೆಯದೇ. ಅದನ್ನೇ ನಂಬಿ ಕೂರಬೇಡಿ.

ನನ್ನ ಮಟ್ಟಿಗೆ ದೊಡ್ಡ ತಡೆ ಮೆಡಿಕಲ್ ಸ್ಟೋರಿನ ಕೌಂಟರಿನಲ್ಲೇ ಇದೆ. ಹೆಚ್ಚಿನ ಕೆಮ್ಮು ನೆಗಡಿ ವೈರಸ್‌ನಿಂದ ಬರುವಂಥವು. ಅವಕ್ಕೆ ಆಂಟಿಬಯಾಟಿಕ್ ಬೇಕಿಲ್ಲ. 2014ರ ಮಾರ್ಚ್‌ನಲ್ಲಿ ಜಾರಿಯಾದ ಎಚ್1 ಎಂಬ ಸರ್ಕಾರಿ ಔಷಧ ಪಟ್ಟಿಯ ಆಂಟಿಬಯಾಟಿಕ್‌ಗಳನ್ನು ಅಂಗಡಿಯವರು ವೈದ್ಯರ ಚೀಟಿ ನೋಡಿಯೇ ಕೊಡಬೇಕು, ರಿಜಿಸ್ಟರಿನಲ್ಲಿ ಬರೆದಿಡಬೇಕು. ಬೇಕೇ ಬೇಕಾದಾಗ ವೈದ್ಯರು ಬರೆದಷ್ಟು ದಿನ ತೆಗೆದುಕೊಳ್ಳಿ, ನೀವೇ ನಡುವೆ ನಿಲ್ಲಿಸಬೇಡಿ. ಸಕ್ಕರೆ ಹತೋಟಿಯಲ್ಲಿರಲಿ, ಹಲ್ಲುಸೆಟ್ಟನ್ನು ರಾತ್ರಿ ತೆಗೆದು ತೊಳೆದಿಡಿ, ಸ್ಟೀರಾಯ್ಡ್ ಇನ್‌ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ. ಹಿಂದೆ ಪದೇಪದೇ ಯೀಸ್ಟ್ ಸೋಂಕು ಬಂದಿದ್ದರೆ ಮೊದಲೇ ಹೇಳಿ. ಅಂಥವರಿಗೆ ವೈದ್ಯರು ಫ್ಲುಕೋನಜೋಲ್ ಎಂಬ ಯೀಸ್ಟ್ ಮಾತ್ರೆ ಬರೆಯುವುದುಂಟು. ಅದನ್ನು ನೀವಾಗಿಯೇ ಕೊಳ್ಳಬೇಡಿ. ಗ್ಲಿಮೆಪಿರೈಡ್‌ನಂಥ ಸಕ್ಕರೆ ಕಾಯಿಲೆಯ ಮಾತ್ರೆಯ ಜತೆ ಸೇರಿದರೆ ಸಕ್ಕರೆ ವಿಪರೀತ ಇಳಿಯಬಹುದು. ಬಸುರಿಯರಿಗೂ ಫ್ಲುಕೋನಜೋಲ್ ತಕ್ಕುದಲ್ಲ.

ದೊಡ್ಡಮ್ಮನ ಬಾಯಿ ಕ್ಲೋಟ್ರಿಮಜೋಲ್ ಎಂಬ ಯೀಸ್ಟ್ ಮದ್ದು ಹಚ್ಚಿದ ಮೇಲೆ ವಾಸಿಯಾಯಿತು. ಈಗ ಅವರ ಸಕ್ಕರೆ ಪುಸ್ತಕದ ಮೊದಲ ಪುಟದಲ್ಲಿ ಮೊಮ್ಮಗಳ ಕೈಬರಹದ ಒಂದು ಸಾಲಿದೆ: "ಆಂಟಿಬಯಾಟಿಕ್ ತಗೊಂಡಾಗ ಬಾಯಿ ಬೆಳ್ಳಗಾಗಿತ್ತು." ಡಾಕ್ಟರ ಮುಂದೆ ಕೂತ ಕೂಡಲೇ ಆ ಪುಟ ತೆರೆದಿಡುತ್ತಾರೆ.