ಮೊದಲು ಹೇಳಿ, ತೋಟಕ್ಕೆ ನೀರು ಬಿಡುವವರು ಯಾರು?

ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಬದಿಯಡ್ಕದಲ್ಲಿ ನನ್ನದೊಂದು ಸಣ್ಣ ಟ್ರಾವೆಲ್ಸ್. ಒಳಗೆ ಬಂದವರು ಕುರ್ಚಿ ಎಳೆದು ಕೂತು ಕೇಳುವ ಮೊದಲ ಪ್ರಶ್ನೆ, "ಈ ಸಲ ಎಲ್ಲಿಗೆ ಹೋಗಬಹುದು ಮಾರಾಯ್ರೆ?" ಕೈಯಲ್ಲಿ ಮೊಬೈಲ್. ಅದರಲ್ಲಿ ಸ್ವಿಟ್ಜರ್ಲೆಂಡಿನ ಹಿಮ, ಮಾಲ್ಡೀವ್ಸಿನ ನೀಲಿ ನೀರು. ನಾನು ತಿರುಗಿ ಕೇಳುವುದು ಒಂದೇ: "ತೋಟಕ್ಕೆ ನೀರು ಬಿಡುವವರು ಯಾರು?"

ಕೆಲವರು ನಗುತ್ತಾರೆ. ನಾನು ತಮಾಷೆಗೆ ಕೇಳುವುದಲ್ಲ. ಮಕ್ಕಳಿಗೆ ರಜೆ ಏಪ್ರಿಲ್, ಮೇ ತಿಂಗಳಲ್ಲಿ. ಅದೇ ಹೊತ್ತಿಗೆ ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ನೀರು ನೂಲಿನಷ್ಟು ಸಣ್ಣಗಾಗಿರುತ್ತದೆ, ಅಡಿಕೆ ಮರ ಬಾಡುತ್ತಿರುತ್ತದೆ. ಮದುವೆ, ದೇವಸ್ಥಾನದ ಬ್ರಹ್ಮಕಲಶ, ಭೂತಕೋಲ, ಯಕ್ಷಗಾನದ ಆಟ ಎಲ್ಲ ಒಟ್ಟಿಗೇ ಬರುತ್ತವೆ. ಮೇ ತಿಂಗಳಲ್ಲಿ ಸಿಂಗಾಪುರಕ್ಕೆ ಹೋದ ಒಬ್ಬರು ದಿನಕ್ಕೆ ಮೂರು ಸಲ ಮನೆಗೆ ಫೋನ್ ಮಾಡಿ ಕೇಳುತ್ತಿದ್ದದ್ದು ಪಂಪಿನ ವಿಷಯ. ಫೋಟೋದಲ್ಲೂ ಅವರ ಮುಖ ಕೆರೆ ಬತ್ತಿದ ಹಾಗೇ ಇತ್ತು.

ಹಾಗಾಗಿ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿಲ್ಲದ ದಂಪತಿಗಳಿಗೆ ನಾನು ಹೇಳುವುದು ಇಷ್ಟೆ. ಮೇ ಕೊನೆಯ ಪತ್ತನಾಜೆ ಕಳೆಯಲಿ, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಲಿ, ಮಳೆ ಹಿಡಿಯಲಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಒಂದು ಸಲ ಬಿಟ್ಟಾದ ಮೇಲೆ ಎರಡನೆಯದಕ್ಕೆ ನಲವತ್ತು ದಿನ ಉಂಟಲ್ಲ, ಆಗ ಹೊರಡಿ. ತಪ್ಪಿದರೆ ಜುಲೈ-ಆಗಸ್ಟಿನ ಆಟಿ ತಿಂಗಳು. ಆ ತಿಂಗಳಲ್ಲಿ ಮದುವೆಯ ಕರೆಯೋಲೆಯೂ ಬರುವುದಿಲ್ಲ.

"ಮಳೆಗೆ ಎಲ್ಲಿಗೆ ಹೋಗುವುದು?" ಅಂತ ಕೇಳಬಹುದು. ಮಳೆ ಇರುವುದು ನಮ್ಮಲ್ಲಿ, ಲೋಕದಲ್ಲೆಲ್ಲ ಅಲ್ಲ.

ಹತ್ತಿರದ್ದೇ ನೋಡಿ. ನಮಗೆ ಮಳೆ ತರುವ ನೈಋತ್ಯ ಗಾಳಿಯೇ ಶ್ರೀಲಂಕಾದ ಕೊಲಂಬೊ, ಗಾಲೆ ಕಡೆಗೂ ಮಳೆ ಸುರಿಸುತ್ತದೆ. ಆದರೆ ನಡುವಿನ ಬೆಟ್ಟಗಳು ಅದನ್ನು ತಡೆಯುತ್ತವೆ. ಆಚೆ ಬದಿಯ ತ್ರಿಂಕೋಮಲೆಯಲ್ಲಿ ಆಗ ಬಿಸಿಲು, ಶಾಂತ ಸಮುದ್ರ. ಬಂಡೆಯ ತುದಿಯಲ್ಲಿ ಕೋಣೇಶ್ವರ ದೇವಸ್ಥಾನ, ಕೆಳಗೆ ಕಡಲು. ಡಿಸೆಂಬರಿನಲ್ಲಿ ಹೋದರೆ ಎಲ್ಲ ತಲೆಕೆಳಗು, ಪೂರ್ವಕ್ಕೆ ಮಳೆ, ಪಶ್ಚಿಮಕ್ಕೆ ಬಿಸಿಲು. "ಶ್ರೀಲಂಕಾಕ್ಕೆ ಯಾವಾಗ ಹೋಗಬೇಕು?" ಅಂತ ಕೇಳಿದರೆ "ಯಾವ ಬದಿಗೆ?" ಅಂತ ನಾನು ಕೇಳುವುದು ಅದಕ್ಕೇ.

ಲಡಾಖಿನ ಲೇಹ್‌ಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿ.ಮೀ. ಕಾಸರಗೋಡಿಗೆ ಜೂನಿನಲ್ಲಿ ಒಂದೇ ದಿನ ಅಷ್ಟು ಹೊಡೆಯುವುದುಂಟು. ಆದರೆ ಅದು ಸುಮಾರು 3,500 ಮೀಟರ್ ಎತ್ತರದ ಊರು. ವಿಮಾನದಲ್ಲಿ ಇಳಿದವರು ಮೊದಲ ಎರಡು ದಿನ ಸುಮ್ನೆ ಮಲಗಬೇಕು. "ದುಡ್ಡು ಕೊಟ್ಟು ಮಲಗುವುದಾ?" ಅಂತ ಹಟ ಮಾಡಿ ಅಂದೇ ಸುತ್ತಲು ಹೊರಟವರು ಆಸ್ಪತ್ರೆಯಲ್ಲಿ ಮಲಗಿದ್ದನ್ನು ನೋಡಿದ್ದೇನೆ.

ಬಾಲಿಗೂ ಜೂನ್ ಒಳ್ಳೆಯದು. ಒಣ ಹವೆ. ಜುಲೈ, ಆಗಸ್ಟ್ ಆದರೆ ಜನ ಜಾಸ್ತಿ, ಹೋಟೆಲ್ ದರವೂ ಜಾಸ್ತಿ. ಯುಗಾದಿಯ ಹೊತ್ತಿಗೆ ಬಾಲಿಗೆ ಹೋಗುವವರು ಮಾತ್ರ ತಾರೀಕು ನೋಡಿಕೊಳ್ಳಿ. ಅವರದೂ ಶಕ ವರ್ಷ. ಅವರ ಹೊಸ ವರ್ಷ 'ನ್ಯೇಪಿ' ಹೆಚ್ಚಾಗಿ ಮಾರ್ಚಿನಲ್ಲಿ ಬರುತ್ತದೆ. ಆ ದಿನ ಇಡೀ ದ್ವೀಪ ಮೌನ. ಬೆಂಕಿ ಹಚ್ಚುವಂತಿಲ್ಲ, ಬೀದಿಗೆ ಇಳಿಯುವಂತಿಲ್ಲ, ವಿಮಾನ ನಿಲ್ದಾಣವೂ 24 ಗಂಟೆ ಬಂದ್.

ಆದರೆ ನನಗೆ ಹೆಚ್ಚು ಖುಷಿ ಕೊಟ್ಟದ್ದು ಬಿಸಿಲಿನ ಊರಲ್ಲ, ಮಳೆಯ ಊರೇ. ಕಾಂಬೋಡಿಯಾದ ಅಂಕೋರ್‌ವಾಟ್. ಎಲ್ಲರೂ ನವೆಂಬರಿನಿಂದ ಫೆಬ್ರವರಿ ತನಕ ಹೋಗಿ ಅನ್ನುತ್ತಾರೆ, ಸರಿಯೇ. ನಮ್ಮ ಪುರುಸೊತ್ತು ಆಗ ಇಲ್ಲ. ಒಮ್ಮೆ ಜುಲೈಯಲ್ಲಿ ಎಂಟು ಜನರನ್ನು ಕರೆದುಕೊಂಡು ಹೋದೆ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಒಂದು ಹೊಡೆತ ಮಳೆ. ನಮ್ಮವರಿಗೆ ಅದು ಮಳೆಯೇ ಅಲ್ಲ ಬಿಡಿ.

ಗುಂಪಿನಲ್ಲಿ ಎಪ್ಪತ್ತು ದಾಟಿದ ಒಬ್ಬರಿದ್ದರು, ವೇಷ, ಕುಣಿತ ಇಲ್ಲದ ಯಕ್ಷಗಾನ ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ನಾವೆಲ್ಲ ಅವರನ್ನು ಮಾವ ಅಂತಲೇ ಕರೆಯುವುದು. ಆ ದೇವಸ್ಥಾನವನ್ನು 12ನೇ ಶತಮಾನದಲ್ಲಿ ಎರಡನೇ ಸೂರ್ಯವರ್ಮ ವಿಷ್ಣುವಿಗಾಗಿ ಕಟ್ಟಿಸಿದ. ಮುಖ ಪಶ್ಚಿಮಕ್ಕೆ. ಸುತ್ತ ಮಾಡು ಇರುವ ಪೌಳಿ, ಅದರ ಗೋಡೆ ಉದ್ದಕ್ಕೂ ಕೆತ್ತನೆ. ಮಳೆ ಬಂದರೂ ನೆನೆಯದೆ ನೋಡಬಹುದು. ಒಳ ಹೊಕ್ಕು ಬಲಕ್ಕೆ ತಿರುಗಿದರೆ ಕುರುಕ್ಷೇತ್ರ. ಗೈಡ್ ಬಾಯಿ ತೆಗೆಯುವ ಮೊದಲೇ ಮಾವ ಗೋಡೆಯತ್ತ ಕೈ ತೋರಿಸಿದರು. "ಅಗಾ, ಭೀಷ್ಮ!" ಶರಶಯ್ಯೆಯಲ್ಲಿ ಮಲಗಿದ ಅಜ್ಜ, ಸುತ್ತ ಕೈಮುಗಿದವರು. ಅಲ್ಲಿಂದ ಮುಂದೆ ಗೈಡಿಗೆ ಕೆಲಸ ಇರಲಿಲ್ಲ.

ಪೂರ್ವದ ಗೋಡೆಯಲ್ಲಿ ಸಮುದ್ರಮಥನ, ಸುಮಾರು 49 ಮೀಟರ್ ಉದ್ದ. ಒಂದು ಕಡೆ ಅಸುರರು, ಇನ್ನೊಂದು ಕಡೆ ದೇವತೆಗಳು, ನಡುವೆ ವಿಷ್ಣು, ಕೆಳಗೆ ಕೂರ್ಮ. ದೇವತೆಗಳ ಸಾಲಿನ ಕೊನೆಗೆ ವಾಸುಕಿಯ ಬಾಲ ಹಿಡಿದ ಒಂದು ಕಪಿ. ಹನುಮಂತ ಅಂದ ಗೈಡ್. ಮಾವನ ಹುಬ್ಬು ಮೇಲೆ ಹೋಯಿತು. "ಕೃತಯುಗದ ಮಥನಕ್ಕೆ ತ್ರೇತಾಯುಗದ ಹನುಮಂತ ಹೇಗೆ ಬಂದ?" ಆ ಹುಡುಗ ಇಂಗ್ಲಿಷಿನಲ್ಲಿ ಏನೋ ಹೇಳಿದ, ಮಾವ ಕನ್ನಡದಲ್ಲೇ ಪ್ರತಿ ಹೇಳಿದರು. ಅರ್ಧ ಗಂಟೆ ಪ್ರಸಂಗ ನಡೆಯಿತು. ನಡುವೆ ನಾನು ಎರಡು ಕಡೆಗೂ ಅನುವಾದ ಮಾಡಿ ಸೋತೆ.

ಅಲ್ಲಿ ಒಂದು ದಿನದ ಪಾಸಿಗೆ 37 ಡಾಲರ್, ಮೂರು ದಿನದ್ದಕ್ಕೆ 62. ಮೂರು ದಿನದ್ದೇ ತೆಗೆದುಕೊಳ್ಳಿ. ಒಂದು ದಿನದಲ್ಲಿ ನೋಡಿ ಮುಗಿಸುತ್ತೇವೆ ಅನ್ನುವವರು ನೋಡುವುದು ವಾಚನ್ನು ಮಾತ್ರ. ಹತ್ತಿರದ ಟೋನ್ಲೆಸಾಪ್ ಕೆರೆಯನ್ನಂತೂ ಮಳೆಗಾಲದಲ್ಲೇ ನೋಡಬೇಕು. ಮೆಕಾಂಗ್ ನದಿ ತುಂಬಿದಾಗ ಈ ಕೆರೆಯಿಂದ ಹೊರಡುವ ಹೊಳೆ ಹಿಂದಕ್ಕೆ ಹರಿಯುತ್ತದೆ, ಕೆರೆ ಹಲವು ಪಟ್ಟು ಹಿಗ್ಗುತ್ತದೆ. ಕಂಬಗಳ ಮೇಲೆ ನಿಂತ ಮನೆಗಳ ಅಡಿಗೆ ನೀರು.

ಇನ್ನು ಟಿಕೆಟ್. ಗಲ್ಫ್‌ನಲ್ಲಿ ಶಾಲೆಗೆ ರಜೆ ಜುಲೈ, ಆಗಸ್ಟ್. ಆಗಸ್ಟ್ ಕೊನೆಗೆ ಅವರೆಲ್ಲ ವಾಪಸ್ ಹೊರಡುತ್ತಾರೆ. ಆಗ ಮಂಗಳೂರು, ಕಣ್ಣೂರಿನಿಂದ ದುಬೈ ದಾರಿಯಾಗಿ ಯುರೋಪಿಗೆ ಹೋಗಲು ಹೊರಟರೆ ದರ ನೋಡಿ ಕೂತುಬಿಡುತ್ತೀರಿ.

ಚೀಲದ ವಿಷಯದಲ್ಲಿ ಎರಡೇ ಮಾತು. ಗಸಗಸೆ ಯುಎಇಗೂ ಸಿಂಗಾಪುರಕ್ಕೂ ಬೇಡವೇ ಬೇಡ, ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕ. ಪಾಯಸದ ಆಸೆಗೆ ಜೈಲಿಗೆ ಹೋಗಬೇಡಿ. ಮಗಳಿಗೆಂದು ಜರ್ಮನಿಗೆ ತುಪ್ಪದ ಡಬ್ಬಿಯನ್ನೂ ಒಯ್ಯಬೇಡಿ, ಹಾಲಿನ ಉತ್ಪನ್ನ ಯುರೋಪಿನ ಒಕ್ಕೂಟಕ್ಕೆ ನಿಷಿದ್ಧ. ಹಪ್ಪಳ ಹೋದೀತು.

ನಮ್ಮ ಊರಿನದೇ ತಲೆನೋವು ಒಂದುಂಟು, ಹೆಸರು. ಮನೆಯಲ್ಲಿ ಗಣೇಶ. ಶಾಲೆಯ ರಿಜಿಸ್ಟರಿನಲ್ಲಿ ಮಲಯಾಳದ ರೂಢಿಯಂತೆ ಗಣೇಶನ್. ಆಧಾರ್‌ನಲ್ಲಿ ಗಣೇಶ್ ಭಟ್, ಪಾಸ್‌ಪೋರ್ಟಿನಲ್ಲಿ ಬರೀ ಗಣೇಶ. ಒಂದೇ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಇಲ್ಲವೆಂದು ಯುಎಇ 2022ರಲ್ಲೇ ಹೇಳಿತ್ತು. ಇದನ್ನು ಸರಿ ಮಾಡಿಸದೆ ಟಿಕೆಟ್ ಮಾಡಿಸಬೇಡಿ. ಹದಿನೈದು ತುಂಬದ ಮಕ್ಕಳ ಪಾಸ್‌ಪೋರ್ಟಿಗೆ ಹೆಚ್ಚೆಂದರೆ ಐದು ವರ್ಷ, ಮರೆಯುವುದು ಸುಲಭ. ಇಂಡೊನೇಷ್ಯಾದಂಥ ದೇಶಗಳಿಗೆ ಅಲ್ಲಿ ಇಳಿಯುವ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಬಾಕಿ ಇರಬೇಕು.

ಮೊನ್ನೆ ಮಾವ ಬಂದಿದ್ದರು. ಇಂಡೊನೇಷ್ಯಾದ ಜಾವಾ ದ್ವೀಪದ ಪ್ರಂಬನನ್ ದೇವಸ್ಥಾನದ ಗೋಡೆಯಲ್ಲಿ ರಾಮಾಯಣ ಉಂಟಂತೆ, ಬಯಲಿನಲ್ಲಿ ರಾತ್ರಿ ರಾಮಾಯಣದ ಕುಣಿತವೂ ಉಂಟಂತೆ, ನಿಜವಾ ಅಂತ ಕೇಳಿದರು. ನಿಜ, ಮಳೆ ಇಲ್ಲದ ತಿಂಗಳುಗಳಲ್ಲಿ ಬಯಲಲ್ಲೇ ಆಡುತ್ತಾರೆ, ಆ ತಿಂಗಳುಗಳು ನಮ್ಮ ಮಳೆಗಾಲಕ್ಕೇ ಬರುತ್ತವೆ ಅಂದೆ. "ಹಾಗಾದರೆ ಬುಕ್ ಮಾಡು. ಎರಡನೇ ಮದ್ದು ಮಗ ಬಿಡಿಸುತ್ತಾನೆ" ಅಂದರು. ಪಾಸ್‌ಪೋರ್ಟ್ ತೆಗೆದು ನೋಡಿದೆ. ಇನ್ನು ನಾಲ್ಕೇ ತಿಂಗಳು ಬಾಕಿ.