ಬೈಗುಳ 7805ಕ್ಕೆ, ಒಣಗಿದ್ದು ಕೆಪಾಸಿಟರ್

ಅಂಗಡಿಯ ಮೇಜಿನ ಮೇಲೆ ಸರಿಯಾಗಿ ಓಡುವ ಪಂಪ್ ಟೈಮರ್ ಬೋರ್ಡು ಸಿಂಧನೂರು, ಮಾನ್ವಿ ಕಡೆಯ ಹೊಲಕ್ಕೆ ಹೋದೊಡನೆ ಪದೇ ಪದೇ ರೀಸೆಟ್ ಆಗುತ್ತದೆ. ತಪ್ಪು ಬೀಳುವುದು 5 ವೋಲ್ಟ್ ಕೊಡುವ ಮೂರು ಕಾಲಿನ ಐಸಿ 7805ರ ಮೇಲೆ. ಬದಲಾಯಿಸಿದರೂ ರೋಗ ಹೋಗುವುದಿಲ್ಲ.

ಹಿಂದೆ ಈ ಕೆಲಸಕ್ಕೆ ಒಂದು ಝೀನರ್ (ನಿಗದಿತ ವೋಲ್ಟೇಜ್ ಹಿಡಿದಿಡುವ ಡಯೋಡ್), ಒಂದು ಟ್ರಾನ್ಸಿಸ್ಟರ್ ಸಾಕಾಗಿತ್ತು. ಟ್ರಾನ್ಸಿಸ್ಟರ್‌ನ ಬೇಸ್ ಎಂಬ ಕಾಲಿನಲ್ಲಿ 5.6 ವೋಲ್ಟ್ ಝೀನರ್ ಇಟ್ಟರೆ ಎಮಿಟರ್ ಎಂಬ ಹೊರಹೋಗುವ ಕಾಲಿಗೆ ಬರುವಷ್ಟರಲ್ಲಿ 0.6 ಇಳಿದು 5 ಸಿಗುತ್ತಿತ್ತು. ಲೆಕ್ಕ ಚೆಂದ, ಆದರೆ ಔಟ್‌ಪುಟ್ ಶಾರ್ಟ್ ಆದರೆ ಟ್ರಾನ್ಸಿಸ್ಟರ್ ಬೂದಿ. 1970ರ ಆಸುಪಾಸಿನಲ್ಲಿ ನ್ಯಾಷನಲ್ ಸೆಮಿಕಂಡಕ್ಟರ್‌ನ ಬಾಬ್ ವಿಡ್ಲರ್ ರೂಪಿಸಿದ ಎಲ್‌ಎಂ 109, ಕರೆಂಟಿನ ಮಿತಿಯನ್ನೂ ಅತಿಯಾಗಿ ಕಾದರೆ ತಾನೇ ನಿಲ್ಲುವ ಗುಣವನ್ನೂ ಒಂದೇ ಚಿಪ್‌ಗೆ ತಂದಿತು. ಫೇರ್‌ಚೈಲ್ಡ್‌ನ 7805 ಅದೇ ಹಾದಿಯದು.

ಐಸಿಯ ಕೆಲಸ ಕಾಲುವೆ ತೂಬಿನದು. ಔಟ್‌ಪುಟ್ ಏರಿತೋ ಇಳಿಯಿತೋ ನೋಡುತ್ತ ಒಳಗಿನ ಟ್ರಾನ್ಸಿಸ್ಟರನ್ನು ಬಿಗಿ ಮಾಡುತ್ತದೆ, ಸಡಿಲಿಸುತ್ತದೆ. ಕಾಲುವೆಯಲ್ಲೇ ನೀರಿಲ್ಲದಿದ್ದರೆ ಗೇಟು ಎಷ್ಟು ಎತ್ತಿದರೂ ಅಷ್ಟೇ ಎಂಬುದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ಹೇಳಿಕೊಡಬೇಕಿಲ್ಲ. 7805ಕ್ಕೂ ಒಳಬರುವ ವೋಲ್ಟೇಜ್ 7ರಷ್ಟಾದರೂ ಬೇಕು.

12 ವೋಲ್ಟ್ ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್, ಅಲೆಯ ಏರಿಳಿತದ ನಡುವೆ ಕರೆಂಟ್ ಕೂಡಿಟ್ಟು ಕೊಡುವ 1000 ಮೈಕ್ರೋಫ್ಯಾರಡ್ ಕೆಪಾಸಿಟರ್, 0.3 ಆಂಪಿಯರ್ ಎಳೆಯುವ ಲೋಡ್ ಇದೆ ಅನ್ನಿ. ಮೇನ್ಸ್ (ಲೈನಿನ ವೋಲ್ಟೇಜ್) 230 ಇದ್ದಾಗ 7805ಕ್ಕೆ ಬರುವ ಅಲೆಯ ತುದಿ 15.6 ವೋಲ್ಟ್, ಎರಡು ತುದಿಗಳ ನಡುವೆ ಹೆಚ್ಚೆಂದರೆ 3 ವೋಲ್ಟ್ ಕುಸಿತ. ಮೇನ್ಸ್ 160ಕ್ಕೆ ಇಳಿದರೆ ತುದಿ 10.4, ತಳ 7.4. ಹೇಗೋ ದಾಟುತ್ತದೆ. ಕೆಪಾಸಿಟರ್ ಒಣಗಿ 500 ಮೈಕ್ರೋಫ್ಯಾರಡ್‌ಗೆ ಬಂದಿದ್ದರೆ ಕುಸಿತ ಇಮ್ಮಡಿ. ಅಂಗಡಿಯ 230ರಲ್ಲಿ ಇದು ಗೊತ್ತೇ ಆಗುವುದಿಲ್ಲ. ಹೊಲದ 160ರಲ್ಲಿ ತಳ 7ಕ್ಕಿಂತ ಕೆಳಗಿಳಿದು, ಸೆಕೆಂಡಿಗೆ 100 ಸಲ 5 ವೋಲ್ಟಿನ ಔಟ್‌ಪುಟ್ ಜಾರುತ್ತದೆ, ಬೋರ್ಡು ರೀಸೆಟ್ ಆಗುತ್ತದೆ.

ಕೆಪಾಸಿಟರನ್ನು ಒಣಗಿಸುವುದು ಕಾವು. 230ರಲ್ಲಿ ಐಸಿ ಮೇಲೆ ಉಳಿಯುವ ಸುಮಾರು 9 ವೋಲ್ಟ್, 0.3 ಆಂಪಿಯರ್‌ಗೆ 2.7 ವ್ಯಾಟ್ ಶಾಖ. ಹೀಟ್ ಸಿಂಕ್ (ಶಾಖ ಹೊರಹಾಕುವ ಲೋಹದ ತಗಡು) ಇಲ್ಲದ 7805 ವ್ಯಾಟಿಗೆ 65 ಡಿಗ್ರಿ ಏರುತ್ತದೆ. ರಾಯಚೂರಿನ ಮೇ ತಿಂಗಳ 42 ಡಿಗ್ರಿ ಸೇರಿದರೆ 200 ದಾಟಬೇಕು, ಅದಕ್ಕೂ ಮೊದಲೇ ಐಸಿ ನಿಲ್ಲುತ್ತದೆ. ಸಿಂಕ್ ಹಾಕಿದರೆ ಐಸಿ ಬದುಕುತ್ತದೆ, ಆದರೆ ಜಾಗ ಉಳಿಸಲು ಅದಕ್ಕೇ ಒತ್ತಿ ಕೂರಿಸಿದ ಕೆಪಾಸಿಟರ್ ಬೇಯುತ್ತದೆ. 10 ಡಿಗ್ರಿ ಹೆಚ್ಚಾದರೆ ಅದರ ಆಯಸ್ಸು ಅರ್ಧ.

ಈ ಕುಸಿತದ ಪತ್ತೆಗೆ ಲೋಡ್ ಇಟ್ಟೇ, 7805ರ ಇನ್‌ಪುಟ್ ಮತ್ತು ಗ್ರೌಂಡ್ ನಡುವೆ ಮೀಟರನ್ನು ಎಸಿಯಲ್ಲಿ ಹಿಡಿಯಿರಿ. ಅಗ್ಗದ ಮೀಟರ್ ಡಿಸಿಯನ್ನೂ ಸೇರಿಸಿ ತೋರಿಸುತ್ತದೆ, ಅದನ್ನು ತಡೆಯಲು ಪ್ರೋಬ್‌ಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಸರಣಿಯಲ್ಲಿ ಕೊಡಿ. 1 ವೋಲ್ಟ್ ಮೀರಿದರೆ ಬೋರ್ಡಿನ ಹಳೆಯ ಕೆಪಾಸಿಟರ್ ತೆಗೆದು 2200 ಮೈಕ್ರೋಫ್ಯಾರಡ್, 25 ವೋಲ್ಟ್, 105 ಡಿಗ್ರಿಯದು ಹಾಕಿ, ಸಿಂಕ್‌ನಿಂದ ಎರಡು ಬೆರಳು ದೂರಕ್ಕೆ.