ಓಡುವ ಹಡಗಿನಿಂದ ಅಳೆದ ಪ್ರವಾಹದಲ್ಲಿ ಉಬ್ಬರವಿಳಿತದ ಪಾಲೆಷ್ಟು?

ಬಂಗಾರಪೇಟೆಯ ಓದುಗರೊಬ್ಬರ ಪ್ರಶ್ನೆ: ಹಡಗಿನ ಯಂತ್ರ ಸಮುದ್ರದ ನೀರಿನ ಓಟವನ್ನು ಅಳೆಯುತ್ತದೆ, ಸರಿ. ಅದರಲ್ಲಿ ಉಬ್ಬರವಿಳಿತದ್ದು ಎಷ್ಟು, ಪ್ರವಾಹದ್ದು ಎಷ್ಟು ಅಂತ ಬೇರೆ ಮಾಡುವುದು ಹೇಗೆ?

ನಿಮ್ಮ ಸ್ಟೇಷನ್ನಿನಿಂದಲೇ ಶುರು ಮಾಡೋಣ. ಬೆಳಿಗ್ಗೆ ರೈಲು ತುಂಬ ಜನ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ, ಸಂಜೆ ವಾಪಸ್ ಬರುತ್ತಾರೆ. ಬೆಳಿಗ್ಗೆ ಒಂದೇ ಗಂಟೆ ನಿಂತು ತಲೆ ಎಣಿಸಿದರೆ ಊರೇ ಖಾಲಿಯಾಗುತ್ತಿದೆ ಅನ್ನಿಸುತ್ತದೆ, ಅಲ್ವಾ? ಇಡೀ ದಿನ ಎಣಿಸಿ, ಹೋದವರಲ್ಲಿ ಬಂದವರನ್ನು ಕಳೆಯಿರಿ. ಮನೆ ಬದಲಿಸಿ ಹೋದ ನಾಲ್ಕಾರು ಜನ ಮಾತ್ರ ಉಳಿಯುತ್ತಾರೆ.

ದಿನಾ ಹೋಗಿಬರುವವರೇ ಉಬ್ಬರವಿಳಿತದ ನೀರು. ಚಂದ್ರನಿಂದಾಗುವ ಮುಖ್ಯ ಉಬ್ಬರದ ಒಂದು ಸುತ್ತಿಗೆ ಸುಮಾರು 12 ಗಂಟೆ 25 ನಿಮಿಷ. ಮನೆ ಬದಲಿಸಿದವರು ಪ್ರವಾಹದ ನೀರು. ನಮ್ಮ ಪಶ್ಚಿಮ ಕರಾವಳಿಯ ಪ್ರವಾಹ ಮಳೆಗಾಲದಲ್ಲಿ ದಕ್ಷಿಣಕ್ಕೆ, ಚಳಿಗಾಲದಲ್ಲಿ ಉತ್ತರಕ್ಕೆ ಹರಿಯುತ್ತದೆ. ಹಡಗು ಒಂದೇ ಜಾಗದಲ್ಲಿ 25 ಗಂಟೆ ನಿಂತು ಅಳೆದು ಸರಾಸರಿ ತೆಗೆದರೆ, ಎರಡು ಸುತ್ತು ಮುಗಿದು ಉಬ್ಬರವಿಳಿತದ ಪಾಲು ಬಹುಮಟ್ಟಿಗೆ ಅಳಿಸಿಹೋಗುತ್ತದೆ.

ಆದರೆ ಹಡಗು ನಿಲ್ಲುವುದಿಲ್ಲ. ಕಷ್ಟ ಇರುವುದೇ ಇಲ್ಲಿ. ಬಂಗಾರಪೇಟೆಯಲ್ಲಿ ಆರಕ್ಕೆ, ಮಾಲೂರಿನಲ್ಲಿ ಒಂಬತ್ತಕ್ಕೆ, ವೈಟ್‌ಫೀಲ್ಡ್‌ನಲ್ಲಿ ಹನ್ನೊಂದಕ್ಕೆ ಎಣಿಸಿದ ಹಾಗೆ. ಲೆಕ್ಕ ಬದಲಾದದ್ದು ಊರು ಬೇರೆಯಾದ್ದಕ್ಕೋ, ಹೊತ್ತು ಬೇರೆಯಾದ್ದಕ್ಕೋ?

ಒಂದು ದಾರಿ, ಅದೇ ಗೆರೆಯ ಮೇಲೆ ಮತ್ತೆ ಮತ್ತೆ ಓಡಾಡುವುದು. ಪ್ರತಿ ಜಾಗಕ್ಕೂ ಉಬ್ಬರದ ಬೇರೆ ಬೇರೆ ಹೊತ್ತಿನಲ್ಲಿ ಬರಬೇಕು. ಸರಿಯಾಗಿ 12 ಗಂಟೆ 25 ನಿಮಿಷಕ್ಕೊಮ್ಮೆ ಬಂದರೆ ಸುಮ್ನೆ ಡೀಸೆಲ್ ದಂಡ, ಪ್ರತಿ ಸಲವೂ ಅದೇ ಹೊತ್ತು ಸಿಗುತ್ತದೆ. ಸಿಕ್ಕ ಅಳತೆಗಳಿಗೆ ಆ ಸುತ್ತಿನ ಅಲೆಯೊಂದನ್ನು ಗಣಿತದಿಂದ ಹೊಂದಿಸಿ ಕಳೆಯುತ್ತಾರೆ. ಪೂರ್ವ-ಪಶ್ಚಿಮದ ವೇಗಕ್ಕೆ ಒಂದು ಸಲ, ಉತ್ತರ-ದಕ್ಷಿಣದ್ದಕ್ಕೆ ಇನ್ನೊಂದು ಸಲ.

ಇನ್ನೊಂದು ದಾರಿ ಕಂಪ್ಯೂಟರ್ ಮಾದರಿ. 1992ರಲ್ಲಿ ಹಾರಿದ ಟೋಪೆಕ್ಸ್/ಪೊಸೈಡನ್ ಉಪಗ್ರಹ ಸಮುದ್ರಮಟ್ಟವನ್ನು ಅಳೆಯಲು ಶುರು ಮಾಡಿದ ಮೇಲೆ ಈ ಮಾದರಿಗಳು ತುಂಬ ಸುಧಾರಿಸಿದವು. ಆ ಜಾಗ, ಆ ನಿಮಿಷದ ಉಬ್ಬರದ ವೇಗವನ್ನು ಮಾದರಿ ಹೇಳುತ್ತದೆ, ಅಳತೆಯಿಂದ ಅದನ್ನು ಕಳೆಯುತ್ತಾರೆ. ಆಳ ಸಮುದ್ರದಲ್ಲಿ ಇದನ್ನು ನಂಬಬಹುದು. ಗುಜರಾತಿನ ಖಂಭಾತ್ ಕೊಲ್ಲಿಯಂಥ ಕಡೆ ನನಗೆ ಧೈರ್ಯ ಸಾಲದು. ಅಲ್ಲಿ ಉಬ್ಬರದ ಸೆಳೆತ ಎಷ್ಟು ಜಾಸ್ತಿಯೆಂದರೆ, ಮಾದರಿ ಸ್ವಲ್ಪ ತಪ್ಪಿದರೂ ಆ ತಪ್ಪೇ ಪ್ರವಾಹಕ್ಕಿಂತ ದೊಡ್ಡದಾಗಬಹುದು.

ನೀರಿನೊಳಗೆ ಬಿಸಿ ಪದರ, ತಣ್ಣನೆ ಪದರಗಳ ನಡುವೆ ಏಳುವ ಉಬ್ಬರದ ಅಲೆಗಳೂ ಇವೆ. ಪದರಗಳು ಬದಲಾದಂತೆ ಇವುಗಳ ಹೊತ್ತೂ ಜಾರುತ್ತದೆ, ಹಾಗಾಗಿ ಎರಡೂ ದಾರಿಗಳಿಂದ ಒಂದಿಷ್ಟಾದರೂ ತಪ್ಪಿಸಿಕೊಳ್ಳುತ್ತವೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಪಶ್ಚಿಮ ಕರಾವಳಿಯುದ್ದಕ್ಕೂ ಮಾಪಕಗಳಿಗೆ ಲಂಗರು ಹಾಕಿ, ತಿಂಗಳುಗಟ್ಟಲೆ ನೀರಿನಲ್ಲೇ ಬಿಟ್ಟು ಬರುವುದು ಯಾಕೆ ಅಂತ ಈಗ ನಿಮಗೂ ಗೊತ್ತಾಗಿರಬೇಕು.